ಹೊಳೆಯವ್ವ ಬರದ ಮಂಗಳವಾರ

ಹೊಳೆಕಟ್ಟಿ, ತಾ. ಮುಂಡರಗಿ
14-9-2022, ಬುಧವಾರ

ತಂಗಿ ಕಾಂಚನಾಳಿಗೆ ಅಕ್ಕ ಶಂಕ್ರೆವ್ವ ಬರೆಯುವುದು. ನಾವಿಲ್ಲಿ ಉಸಿರಾಡಿಕೊಂಡು ಇದ್ದೇವೆ. ಬೆಟಗೇರಿಯಲ್ಲಿ ನೀನೂ ನಿನ್ನ ಮಗ ವೀರುವೂ ಅದಕ್ಕಿಂತ ಚೆನ್ನಾಗಿ ಇರುವಿರೆಂದು ತಿಳಿದಿದ್ದೇನೆ.

ಫೋನು ಇದ್ದೂ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನು ನಮ್ಮ ಮನೆಯವರ, ಅಂದರೆ ನಿನ್ನ ಮಾವನ, ಅಂಗಿಯ ಕಿಸೆಯಲ್ಲಿರುತ್ತದೆ. ಅವರಿಗೆ ಕಿವಿ ಮಂದ, ಅದಕ್ಕೆ ದನಿಯನ್ನು ಯಾವಾಗಲೂ ಪೂರ್ತಿ ಏರಿಸಿಟ್ಟಿರುತ್ತಾರೆ. ನೀನು ಅಲ್ಲಿ ಕೆಮ್ಮಿದರೆ ಇಲ್ಲಿ ಗುಡಿಕಟ್ಟೆಯವರು ಔಷಧ ಹೇಳುತ್ತಾರೆ. ನಾನು ಹೇಳಬೇಕಾದದ್ದು ಗುಡಿಕಟ್ಟೆಗೆ ಕೇಳಬಾರದು. ಏಳನೆಯ ಇಯತ್ತೆ ಕಲಿತದ್ದು ಇದಕ್ಕಾದರೂ ಬಂತು.

ಊರಿನ ದನಗಳಿಗೆ ಗಂಟಿನ ರೋಗ ಬಂದಿದೆ. ಮೈತುಂಬ ಗಂಟು ಎದ್ದು, ಕಾಲು ಬಾತು, ಮೇವು ಬಿಟ್ಟು ಮಲಗಿಬಿಡುತ್ತವೆ. ನಮ್ಮ ಕಂದು ಆಕಳು ಹೋದ ಭಾನುವಾರ ಸತ್ತಿತು. ಊರಲ್ಲಿ ಒಟ್ಟು ಹನ್ನೊಂದು ಹೋದವು. ದನದ ಡಾಕ್ಟರು ಬಂದು, ಇದು ನೊಣ ಸೊಳ್ಳೆಯಿಂದ ಹರಡುವುದು, ಲಸಿಕೆ ಬಂದ ಕೂಡಲೇ ಹಾಕುತ್ತೇವೆ ಎಂದು ಹೇಳಿ ಹೋದರು. ನೊಣ ಎಂದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಇಷ್ಟು ದೊಡ್ಡ ಕೇಡಿಗೆ ಅಷ್ಟು ಸಣ್ಣ ಕಾರಣ ಜನಕ್ಕೆ ಸಾಲುವುದಿಲ್ಲ.

ಸೋಮವಾರ ಸಿದ್ದಲಿಂಗೇಶ ಮನೆಗೆ ಬಂದಿದ್ದ. ಹೊಳೆಯವ್ವನ ಗುಡಿಯ ಕಮಿಟಿಗೆ ಈಗ ಅವನೇ ಅಧ್ಯಕ್ಷ. ಎಂದೂ ಬಾರದವನು ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದ.

“ಶಂಕ್ರೆವ್ವಾ, ಈ ಕೇಡು ಯಾರಿಂದ ಬಂತು ಅಂತ ಹೊಳಿಯವ್ವನ್ನ ಕೇಳಬೇಕಂತ ಊರೆಲ್ಲಾ ಅನ್ನಾಕತ್ತೈತಿ.”

“ಕೇಳ್ರಿ. ಆಕಿ ಬಂದರ ಹೇಳತಾಳ.”

“ಬರತಾಳ ಬಿಡು. ಗಿರಣಿ ಸದ್ದು ತಾಯಿಗೆ ಸೇರೂದಿಲ್ಲ ಅನ್ನೂದು ನಮಗೆಲ್ಲಾ ತಿಳದೈತಿ. ಆಕಿ ಬಾಯಿಂದ ಒಂದ ಮಾತು ಬಂದರ ಸಾಕು.”

ಗಿರಣಿ ಎಂದರೆ ದುರಗವ್ವನ ಹಿಟ್ಟಿನ ಗಿರಣಿ. ಗುಡಿಯ ಮಗ್ಗುಲಲ್ಲೇ ಇದೆ. ಗಂಡ ಸತ್ತ ಮೇಲೆ ಆಕೆಯೇ ನಡೆಸುತ್ತಾಳೆ, ಹಿಂದಿನ ಕೋಣೆಯಲ್ಲಿ ಇರುತ್ತಾಳೆ. ಆ ಜಾಗದಲ್ಲಿ ಕಮಿಟಿಯವರಿಗೆ ಕಲ್ಯಾಣ ಮಂಟಪ ಕಟ್ಟಬೇಕಾಗಿದೆ. ಎರಡು ಸಲ ಕೇಳಿದರು, ಆಕೆ ಕೊಡಲಿಲ್ಲ.

ಮೂವತ್ತು ವರ್ಷದಿಂದ ನನ್ನ ಮೈಮೇಲೆ ಹೊಳೆಯವ್ವ ಬರುತ್ತಾಳೆ. ಏನು ಹೇಳಬೇಕೆಂದು ಆಕೆಗೆ ಯಾರೂ ಮೊದಲೇ ಹೇಳಿಕೊಟ್ಟಿರಲಿಲ್ಲ.

ಶ್ರಾವಣದಲ್ಲಿ ಶಿರಹಟ್ಟಿ ಕಡೆಯ ಒಬ್ಬ ಸ್ವಾಮಿಗಳು ಪ್ರವಚನಕ್ಕೆ ಬಂದಿದ್ದರು. ದೇವರನ್ನು ಹೊರಗೆ ಹುಡುಕಬೇಡಿರಿ, ಕಣ್ಣು ಮುಚ್ಚಿ ಒಳಗೆ ನೋಡಿಕೊಳ್ಳಿರಿ, ಅಲ್ಲೇ ಇದ್ದಾನೆ ಎಂದರು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಅಂದಿನಿಂದ ದಿನಾ ನಸುಕಿನಲ್ಲಿ ಹೊಳೆಯ ದಂಡೆಗೆ ಹೋಗಿ ಕಣ್ಣು ಮುಚ್ಚಿ ಕೂರುತ್ತೇನೆ. ನೀನು ನರ್ಸು, ಮನುಷ್ಯರ ಒಳಗನ್ನು ಕಂಡವಳು. ಆಕೆ ಬಂದಾಗ ನಾನು ಎಲ್ಲಿಗೆ ಹೋಗುತ್ತೇನೆ? ಆಕೆ ಬಾರದ ದಿನ ಎಲ್ಲಿರುತ್ತಾಳೆ? ತಿಳಿದಿದ್ದರೆ ಬರೆ.

ಗುಡಿಯಲ್ಲಿ ತಾಯಿ ಬರುವ ವಾರ ಮಂಗಳವಾರ. ನಿನ್ನೆ ಮೈಗೆ ಹುಷಾರಿಲ್ಲ ಎಂದು ಹೇಳಿ ಮನೆಯಲ್ಲೇ ಉಳಿದೆ.

ನಿನ್ನ ಅಕ್ಕ


ಬೆಟಗೇರಿ
20-9-2022

ಅಕ್ಕಾ,

ಕಾಗದ ಶನಿವಾರ ಸಿಕ್ಕಿತು. ಹೆರಿಗೆ ವಾರ್ಡಿನಲ್ಲಿ ಈ ವಾರ ಉಸಿರು ಬಿಡಲು ಬಿಡುವಿರಲಿಲ್ಲ, ಅದಕ್ಕೆ ತಡ.

ನೀನು ಬರೆದದ್ದನ್ನು ಓದಿದರೆ ನಿನಗೆ ರಕ್ತ ಕಡಿಮೆ ಇದೆ ಅನ್ನಿಸುತ್ತದೆ. ಈ ವಯಸ್ಸಿನಲ್ಲಿ, ಮುಟ್ಟು ನಿಂತ ಮೇಲೆ, ಮನಸ್ಸು ಹೀಗೆ ಅಲ್ಲಾಡುತ್ತದೆ. ದಿನಾ ಇಂಥವರನ್ನು ನೋಡುತ್ತೇನೆ. ಎರಡು ಥರದ ಗುಳಿಗೆ ಕಳಿಸಿದ್ದೇನೆ. ಕೆಂಪಗಿನದು ಊಟವಾದ ಮೇಲೆ, ಬಿಳಿಯದು ರಾತ್ರಿ. ನಸುಕಿನಲ್ಲಿ ತಣ್ಣನೆಯ ದಂಡೆಯ ಮೇಲೆ ಕೂರುವುದನ್ನು ಬಿಡು, ಮೊಣಕಾಲು ಹಿಡಿದುಕೊಳ್ಳುತ್ತವೆ.

ತಾಯಿ ಎಲ್ಲಿರುತ್ತಾಳೆ ಎಂದು ನನ್ನನ್ನು ಕೇಳುತ್ತೀಯಲ್ಲ. ಡಂಬಳದ ನಮ್ಮ ಪಡಸಾಲೆ ನೆನಪಿದೆಯೇ? ನನಗೆ ಹದಿನೇಳು. ನಿಶ್ಚಯಕ್ಕೆ ನಿಮ್ಮೂರಿನಿಂದ ಬಂದವರ ನಡುವೆ ಇದೇ ಸಿದ್ದಲಿಂಗೇಶನ ಕಾಕಾ ಕೂತಿದ್ದ. ನಲವತ್ತು ದಾಟಿದವ, ಮೊದಲ ಹೆಂಡತಿ ತೀರಿಹೋಗಿದ್ದಳು. ಅಪ್ಪ ಅಡಿಕೆ ಕತ್ತರಿಸುತ್ತಿದ್ದ. ನಾನು ಒಳಬಾಗಿಲಲ್ಲಿ ಅವ್ವನ ಸೀರೆ ಉಟ್ಟು ನಿಂತಿದ್ದೆ, ಹೆದರಿಕೆಗೆ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಆಗ ನಿನ್ನ ಮೈಮೇಲೆ ತಾಯಿ ಬಂದಳು. “ಈ ಕೂಸು ನಂದು. ಇದರ ಸಾಲಿ ಬಿಡಸಬ್ಯಾಡ್ರಿ. ಬಿಡಸಿದರ ನಿಮ್ಮ ವಂಶ ಉಳಸೂದಿಲ್ಲ” ಎಂದಳು. ಜನ್ಮದಲ್ಲಿ ಯಾರ ಮಾತನ್ನೂ ಕೇಳದ ಅಪ್ಪ ಅಡಕೊತ್ತು ಕೆಳಗಿಟ್ಟು ನಿನ್ನ ಕಾಲಿಗೆ ಬಿದ್ದ.

ಇವತ್ತು ನಾನು ಒಂದು ಕೂಸನ್ನು ಒರೆಸಿ ತಾಯಿಯ ಎದೆಯ ಮೇಲಿಟ್ಟರೆ ಅದು ಆ ಮಾತಿನಿಂದ. ನಾನು ಗುಡಿಗುಂಡಾರಕ್ಕೆ ಹೋಗುವವಳಲ್ಲ. ನನಗೆ ಇರುವುದು ಒಬ್ಬಳೇ ದೇವರು, ಆಕೆ ನಿನ್ನ ಬಾಯಲ್ಲಿ ಮಾತಾಡುತ್ತಾಳೆ. ಆಕೆ ಏನು ಹೇಳಬೇಕೋ ಹೇಳಲಿ, ನೀನು ನಡುವೆ ಹೋಗಬೇಡ.

ದಸರೆಗೆ ತಾಯಿಗೆ ಹಸಿರು ಸೀರೆ ತಂದಿಟ್ಟಿದ್ದೇನೆ, ಕಳಿಸುತ್ತೇನೆ.

ನಿನ್ನ
ಕಾಂಚನಾ


ಹೊಳೆಕಟ್ಟಿ
27-9-2022

ಕಾಂಚನಾ,

ಗುಳಿಗೆ ಮುಟ್ಟಿದವು, ತಿನ್ನುತ್ತಿದ್ದೇನೆ. ಮೊಣಕಾಲಿಗೆ ಒಳ್ಳೆಯದಾಗಬಹುದು. ನಾನು ಕೇಳಿದ್ದಕ್ಕೆ ಅವು ಉತ್ತರವಲ್ಲ.

ಮೊದಲ ಕಾಗದದಲ್ಲಿ ಒಂದು ಮಾತು ಬಿಟ್ಟಿದ್ದೆ. ಎದ್ದು ಹೋಗುವಾಗ ಸಿದ್ದಲಿಂಗೇಶ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದ: “ಡಂಬಳದಾಗ ನಮ್ಮ ಕಾಕಾಗ ಹೆಣ್ಣು ತಪ್ಪಿಸೂ ಮುಂದ ತಾಯಿ ಎಷ್ಟ ಜಲ್ದಿ ಬಂದಿದ್ದಳು. ತಂಗಿ ಸಲುವಾಗಿ ಬಂದಾಕಿ ಊರ ಸಲುವಾಗಿ ಬರೂದಿಲ್ಲೇನು?” ನಗುತ್ತಲೇ ಅಂದ. ಅಂದಿನಿಂದ ಆ ನಗೆ ನನ್ನ ಅನ್ನದಲ್ಲಿ ಹರಳಿನಂತೆ ಸಿಗುತ್ತಿದೆ.

ಮೊದಲ ಸಲ ಆಕೆ ಬಂದದ್ದು ಖರೆ. ನನಗೆ ಇಪ್ಪತ್ತೆರಡು. ಮೂರು ತಿಂಗಳ ಕೂಸನ್ನು ಮಣ್ಣು ಮಾಡಿ ಬಂದ ಒಂಬತ್ತನೆಯ ದಿನ. ಹಿಮ್ಮಡಿ ತಣ್ಣಗಾಯಿತು, ಕಿವಿಯಲ್ಲಿ ಹೊಳೆ ತುಂಬಿ ಹರಿದಂಥ ಸದ್ದಾಯಿತು. ಅಷ್ಟೇ ನೆನಪು. ಎಚ್ಚರವಾದಾಗ ಓಣಿಯೆಲ್ಲ ಕೈಮುಗಿದು ನಿಂತಿತ್ತು. ಹಿಂದಿನ ದಿನದವರೆಗೂ ನನ್ನನ್ನು ಕೂಸು ತಿಂದವಳು ಎನ್ನುತ್ತಿದ್ದ ಅತ್ತೆಯೂ ಕೈಮುಗಿದಿದ್ದಳು.

ಆಮೇಲೆ ಕೆಲವು ಸಲ ಪೂರ್ತಿ ಬಂದಳು, ಕೆಲವು ಸಲ ಅರ್ಧ. ಕೆಲವು ಸಲ ಬರಲೇ ಇಲ್ಲ. ಜನ ಕಾದಿದ್ದಾರಲ್ಲ ಎಂದು ನಾನೇ ತಲೆಗೂದಲು ಬಿಚ್ಚಿ ಆಕೆಯ ಹಾಗೆ ನುಡಿದೆ. ಹೆಂಡತಿಯನ್ನು ಬಡಿಯುವವರನ್ನು ಬೈದದ್ದು, ಬಾಣಂತಿಗೆ ಹಾಲು ಕೊಡದ ಅತ್ತೆಯಂದಿರನ್ನು ಗದರಿದ್ದು ನಾನೇ ಇರಬೇಕು. ಅದನ್ನೇ ಶಂಕ್ರೆವ್ವನಾಗಿ ಹೇಳಿದ್ದರೆ ಯಾರು ಕೇಳುತ್ತಿದ್ದರು?

ನಿನ್ನ ದಿನ ಆಕೆ ಬಂದಿರಲಿಲ್ಲ, ಕಾಂಚನಾ. ಅಪ್ಪನ ಕೈ ನೋಡುತ್ತಿದ್ದೆ. ಇನ್ನು ಎರಡು ಅಡಿಕೆ ಕತ್ತರಿಸಿದರೆ ತಟ್ಟೆ ಆ ಕಡೆ ಹೋಗಿ ನಿಶ್ಚಯ ಮುಗಿಯುತ್ತದೆ ಎಂದು ಗೊತ್ತಿತ್ತು. ನಿನ್ನ ಕಾಲು ನೋಡಿದೆ. ನನ್ನ ಕೈಯಿಂದಲೇ ತುರುಬು ಬಿಚ್ಚಿದೆ. ಆಡಿದ ಪ್ರತಿಯೊಂದು ಮಾತೂ ನನಗೆ ನೆನಪಿದೆ, ಏಕೆಂದರೆ ಹಿಂದಿನ ರಾತ್ರಿ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದ್ದೆ.

ಒಳಗೆ ನೋಡಿಕೊಳ್ಳಿರಿ ಎನ್ನುವವರು ಅಲ್ಲಿ ಏನು ಸಿಕ್ಕೀತು ಎಂದು ಪೂರ್ತಿ ಹೇಳುವುದಿಲ್ಲ. ನನಗೆ ಸಿಕ್ಕಿದ್ದು ಇದು. ಇಪ್ಪತ್ತಮೂರು ವರ್ಷ ಬಚ್ಚಿಟ್ಟಿದ್ದೆ. ನಿನ್ನೊಬ್ಬಳಿಗಾದರೂ ಹೇಳದೆ ಸಿದ್ದಲಿಂಗೇಶನ ಮುಖ ನೋಡಲು ನನ್ನಿಂದ ಆಗುವುದಿಲ್ಲ.

ಈ ಸಲ ಮಹಾನವಮಿ ಮಂಗಳವಾರವೇ ಬಿದ್ದಿದೆ. ಅಂದು ತಾಯಿ ನುಡಿಯುತ್ತಾಳೆ ಎಂದು ಡಂಗುರ ಹೊಡೆಸಿದ್ದಾರೆ.

ಶಂಕ್ರೆವ್ವ


ಬೆಟಗೇರಿ
30-9-2022

ಶಂಕ್ರೆವ್ವನಿಗೆ,

ಅಪ್ಪ ಸಾಯುವವರೆಗೆ ವರ್ಷಕ್ಕೊಮ್ಮೆ ಡಂಬಳದಿಂದ ನಿಮ್ಮೂರಿಗೆ ಬರಿಗಾಲಲ್ಲಿ ನಡೆದು ಬಂದ. ಯಾರಿಗೆ ಕೈಮುಗಿಯಲು ಬಂದ? ನಿನ್ನ ಕಟ್ಟೆಯ ಮೇಲೆ ಕೂತು ಹಿಮ್ಮಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದನಲ್ಲ, ಆಗಲೂ ನಿನ್ನ ಬಾಯಿಗೆ ಮಾತು ಬರಲಿಲ್ಲವೇ?

ರಕ್ತ ನಿಲ್ಲದ ಬಾಣಂತಿಯರ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಡಾಕ್ಟರ ದಾರಿ ಕಾಯುತ್ತ ನಾನು ನೆನೆದದ್ದು ಯಾರನ್ನು? ಅಲ್ಲಿ ಯಾರೂ ಇರಲಿಲ್ಲ ಎಂದು ಈಗ ಹೇಳುತ್ತೀಯ. ಅದನ್ನು ಹೇಳಿ ನಿನ್ನ ಎದೆ ಹಗುರ ಮಾಡಿಕೊಂಡೆ. ನನ್ನದನ್ನು ಏನು ಮಾಡಲಿ?

ಸೀರೆ ಕಳಿಸುವುದಿಲ್ಲ. ಯಾರಿಗೆಂದು ಕಳಿಸಲಿ. ಮಂಗಳವಾರ ನಿನ್ನ ಮನಸ್ಸಿಗೆ ಬಂದದ್ದು ಹೇಳು, ನನಗೆ ಸಂಬಂಧವಿಲ್ಲ. ಇನ್ನು ನನಗೆ ಬರೆಯಬೇಡ.

ಕಾಂಚನಾ


ಹೊಳೆಕಟ್ಟಿ
6-10-2022

ಕಾಂಚನಾ,

ಬರೆಯಬೇಡ ಎಂದಿದ್ದೆ, ಬರೆಯುತ್ತಿದ್ದೇನೆ. ಬೇಡವಾದರೆ ಒಲೆಗೆ ಹಾಕು. ನಿಮ್ಮದು ಗ್ಯಾಸಿನ ಒಲೆ, ಸ್ವಲ್ಪ ತ್ರಾಸು.

ಅಪ್ಪನ ಹಿಮ್ಮಡಿಯ ಮಾತು ಖರೆ. ಹೇಳಿದ್ದರೆ ಅಪ್ಪ ನಿನ್ನನ್ನು ಕಾಲೇಜಿನಿಂದ ಎಬ್ಬಿಸಿಕೊಂಡು ಬರುತ್ತಿದ್ದ ಎಂದು ಹೆದರಿದ್ದೆ. ನಿನ್ನ ಕಲಿಯುವುದು ಮುಗಿದ ಮೇಲೂ ಏಕೆ ಹೇಳಲಿಲ್ಲ ಎಂದರೆ, ಆ ಹೊತ್ತಿಗೆ ನನಗೇ ಆ ಕೈಮುಗಿಸಿಕೊಳ್ಳುವುದು ರೂಢಿಯಾಗಿತ್ತು.

ಮಂಗಳವಾರದ ಮಾತು ಬರೆಯುತ್ತೇನೆ. ಬೇರೆಯವರಿಂದ ನಿನಗೆ ತಪ್ಪು ಖಬರು ಮುಟ್ಟಬಾರದು.

ಪ್ರತಿ ಸಲ ಹೊಳೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲಿ, ಬಿಚ್ಚಿದ ತಲೆಯಲ್ಲಿ ಹೋಗುವುದು. ಈ ಸಲ ಮನೆಯಲ್ಲೇ ಬಿಸಿನೀರು ಹಾಕಿಕೊಂಡೆ, ಎಣ್ಣೆ ಹಚ್ಚಿ ತುರುಬು ಕಟ್ಟಿದೆ, ಒಣ ಇಳಕಲ್ಲ ಸೀರೆ ಉಟ್ಟೆ. ನಿನ್ನ ಮಾವ ಬಾಗಿಲಲ್ಲಿ ನಿಂತು ನೋಡಿದರು.

“ತಲಿ ಬಿಚ್ಚಲಿಲ್ಲಲ್ಲ ನೀ.”

“ಇಲ್ಲ.”

ಅವರಿಗೆ ಅಷ್ಟಕ್ಕೇ ತಿಳಿಯಿತು. ಹಿಂದೆಯೇ ಬಂದರು.

ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹಮ್ಮಿಗಿಯಿಂದ, ಹೊಳೆಯಾಚೆಯ ಊರುಗಳಿಂದ ಜನ ಬಂದಿದ್ದರು. ದುರಗವ್ವ ಗಿರಣಿಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ನಾನು ಮಣೆಯ ಮೇಲೆ ಕೂತೆ. ಹಲಗೆ ಬಾರಿಸುವುದು ಶುರುವಾಯಿತು. ನಿನಗೆ ಖರೆ ಹೇಳುತ್ತೇನೆ, ಆಗಲೂ ಕಣ್ಣು ಮುಚ್ಚಿ ಆಕೆಯನ್ನು ಕರೆದೆ. ಬಂದು ನೀನೇ ಈ ಮಾತು ಆಡಿಬಿಡು ತಾಯಿ, ನನ್ನ ಮೇಲೆ ಬಿಡಬೇಡ ಎಂದೆ. ಹಿಮ್ಮಡಿ ಬೆಚ್ಚಗೇ ಇತ್ತು. ಕಿವಿಯಲ್ಲಿ ಹಲಗೆಯ ಸದ್ದು ಬಿಟ್ಟರೆ ಬೇರೆ ಇರಲಿಲ್ಲ.

ಕಣ್ಣು ತೆರೆದು, “ಹಲಗಿ ನಿಂದರಸ್ರಿ” ಎಂದೆ.

ಸಿದ್ದಲಿಂಗೇಶ ಕರ್ಪೂರ ಹಚ್ಚಿದ ತಟ್ಟೆ ಹಿಡಿದು ಮುಂದೆ ಬಂದ. “ತಾಯೀ, ಈ ಕೇಡು ಯಾರಿಂದ ಬಂತು, ನುಡಿಬೇಕು.”

“ತಾಯಿ ಬಂದಿಲ್ಲ. ಹುಲಗಪ್ಪನ ಹೇಣ್ತಿ ಶಂಕ್ರೆವ್ವ ಮಾತಾಡಾಕತ್ತೀನಿ. ದನಾ ನೊಣದಿಂದ ಸಾಯಾಕತ್ತಾವು. ಡಾಕ್ಟರ್ ಹೇಳಿ ಹೋಗ್ಯಾನ. ದುರಗವ್ವ ಯಾರಿಗೂ ಏನೂ ಮಾಡಿಲ್ಲ.”

“ಹಂಗಾರ ಆಕಿನ್ನ ಕರಿ.”

“ಕರದೀನಿ. ಇಪ್ಪತ್ತ ದಿನ ಆತು, ಒಳಗ ಮೂಲಿ ಮೂಲಿ ಹುಡಿಕೀನಿ. ಗಿರಣಿ ಮುರೀರಿ ಅನ್ನೂ ದೇವರು ನನ್ನೊಳಗ ಸಿಗಲಿಲ್ಲ. ನಿನ್ನೊಳಗ ಇದ್ದರ ನಿನ್ನ ಬಾಯಿಲೇ ಹೇಳು. ನನ್ನ ಬಾಯಿ ಎದಕ ಬೇಕು ನಿನಗ?”

ಅವನ ಮುಖ ಕಪ್ಪಿಟ್ಟಿತು. ಆದರೂ ದನಿ ಎತ್ತಲಿಲ್ಲ. “ಡಂಬಳದಾಗ ಬಂದಾಕಿ ಯಾರು ಮತ್ತ? ಊರಿಗೆ ಅದನ್ನೂ ಹೇಳು.”

ಇದೇ ಮಾತಿಗೆ ನಾನು ಮೂರು ವಾರ ಹೆದರಿದ್ದು. ಬಂದಾಗ ಹೆದರಿಕೆ ಆಗಲಿಲ್ಲ.

“ಅದೂ ನಾನ. ನಿಮ್ಮ ಕಾಕಾಗ ನನ್ನ ತಂಗಿನ್ನ ಕೊಡಬಾರದು ಅಂತ ನಾನ ಹೇಳಿದೆ. ಆವತ್ತ ನನ್ನ ಹೆಸರಿನಾಗ ಹೇಳೂ ಧೈರ್ಯ ಇರಲಿಲ್ಲ, ಆಕಿ ಹೆಸರು ಹಿಡದೆ. ಇವತ್ತ ಕೇಳಿದರೂ ಅದನ್ನ ಹೇಳತೀನಿ, ಕೊಡೂದಿಲ್ಲ.”

ಯಾರೋ ಉಗುಳಿದರು. ಯಾರೋ ನಕ್ಕರು. ಹಿಂದಿನಿಂದ ಮುದುಕಿ ಸುಮಿತ್ರವ್ವ ಅಳುತ್ತ ಕೇಳಿದಳು: “ನನ್ನ ಮಗನ ಜ್ವರಾ ಬಿಡಿಸಿದಾಕಿ ಯಾರ ಹಂಗಾರ?” ಮಣೆಯಿಂದ ಎದ್ದು ಜನರ ನಡುವೆ ನಡೆದು ಬಂದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರೂ ದಾರಿ ಬಿಡಲಿಲ್ಲ, ನಾನೇ ಸರಿಸಿಕೊಂಡು ಬಂದೆ.

ನಿನ್ನ ಮಾವ ಎರಡು ದಿನದಿಂದ ತಮ್ಮನ ಮನೆಯಲ್ಲಿ ಉಣ್ಣುತ್ತಾರೆ.

ಶಂಕ್ರೆವ್ವ


ಹೊಳೆಕಟ್ಟಿ
23-10-2022

ಕಾಂಚನಾ,

ನಿನ್ನ ಕಡೆಯಿಂದ ಕಾಗದವಿಲ್ಲ. ಇರಲಿ.

ಮಹಾನವಮಿಯ ಮುಂದಿನ ಮಂಗಳವಾರ ಹೊಳೆಯವ್ವ ಹುಲಿಗೇಶನ ಮೈಮೇಲೆ ಬಂದಳು. ಸಿದ್ದಲಿಂಗೇಶನ ಅಣ್ಣನ ಮಗ, ಮುಂಡರಗಿಯಲ್ಲಿ ಡಿಗ್ರಿ ಓದಿ ಮನೆಯಲ್ಲಿ ಕೂತವನು. ಗಿರಣಿ ನಿಂತರೆ ರೋಗ ನಿಲ್ಲುತ್ತದೆ ಎಂದು ನುಡಿದ. ಅರ್ಧ ತಾಸಿನಲ್ಲಿ ಗಿರಣಿಗೆ ಕಮಿಟಿಯ ಬೀಗ ಬಿತ್ತು.

ಮರುದಿನದಿಂದ ನಾನು ಗಿರಣಿಯ ಮೆಟ್ಟಿಲ ಮೇಲೆ ಕೂರುತ್ತಿದ್ದೇನೆ. ಶೇಂಗಾ ತಂದುಕೊಂಡು ಸುಲಿಯುತ್ತೇನೆ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಹಾದುಹೋಗುವವರು ಮೊದಮೊದಲು ಮಾತಾಡಿಸುತ್ತಿರಲಿಲ್ಲ. ಈಗ ಒಬ್ಬಿಬ್ಬರು ಶೇಂಗಾ ಕೇಳುತ್ತಾರೆ.

ಪೊಲೀಸರಿಗೆ ಹೇಳೋಣ ಎಂದರೆ ದುರಗವ್ವ ಒಪ್ಪಲಿಲ್ಲ. “ಅವರು ಒಂದ ದಿನ ಬಂದ ಹೋಗತಾರ. ನಾ ದಿನಾ ಇಲ್ಲೇ ಇರಬೇಕವಾ” ಎಂದಳು. ಆಮೇಲೆ ಕೇಳಿದಳು: “ನಿನಗ ಯಾಕ ಬೇಕಿತ್ತು ಇದೆಲ್ಲಾ? ನನ್ನ ನಿನ್ನ ನಡುವ ಏನ ಬಳಗ ಐತಿ?”

“ನನ್ನ ಬಾಯಿ ಕೇಳಿದ್ದರು. ಅದು ನಂದು” ಎಂದೆ.

ನಾಡದು ಮಂಗಳವಾರ ಸೂರ್ಯಗ್ರಹಣ, ಗುಡಿ ಮುಚ್ಚಿರುತ್ತದೆ. ಅದರ ಮುಂದಿನ ಮಂಗಳವಾರ, ನವೆಂಬರ್ ಒಂದಕ್ಕೆ, ತಾಯಿಯನ್ನು ಮುಂದೆ ಮಾಡಿಕೊಂಡು ಬಂದು ಯಂತ್ರ ಕಿತ್ತು ಹಾಕುತ್ತಾರಂತೆ. ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ. ನಾನು ಎಲ್ಲಿರುತ್ತೇನೆ ಎಂದು ಯಾರಿಗಾದರೂ ಗೊತ್ತಿರಲಿ ಎಂದು ಬರೆದೆ.

ಶಂಕ್ರೆವ್ವ


ಬೆಟಗೇರಿ
3-11-2022

ಅಕ್ಕಾ,

ಮಂಗಳವಾರ ನಾನು ನಿಮ್ಮೂರಿಗೆ ಬಂದರೂ ಅಷ್ಟು ಜನರ ನಡುವೆ ನಿನ್ನೊಂದಿಗೆ ಮಾತೇ ಆಗಲಿಲ್ಲ, ಆದದ್ದು ಬರೀ ಜಗಳ. ಕಡೆಯ ಬಸ್ಸು ಹಿಡಿಯಬೇಕಿತ್ತು. ಹೇಳದೆ ಉಳಿದದ್ದನ್ನು ಬರೆಯುತ್ತೇನೆ.

ನಾನು ನಿನ್ನ ಜೊತೆ ನಿಲ್ಲಲು ಬಂದಿರಲಿಲ್ಲ. ನಮ್ಮ ಅಕ್ಕ ಸುಳ್ಳು ಹೇಳುತ್ತಾಳೆ, ಡಂಬಳದಲ್ಲಿ ಬಂದವಳು ಖರೆ ಹೊಳೆಯವ್ವನೇ ಎಂದು ಊರ ಮುಂದೆ ಹೇಳಲು ಬಂದಿದ್ದೆ. ಮುಂಡರಗಿಯಿಂದ ಬಸ್ಸಿನಲ್ಲಿ ಆ ಮಾತುಗಳನ್ನೇ ಜೋಡಿಸುತ್ತ ಬಂದೆ.

ನೀನು ಮೆಟ್ಟಿಲ ಮೇಲೆ ಕೂತಿದ್ದೆ, ನಿನಗೆ ಹೆಂಗಸರ ಬೆನ್ನಷ್ಟೇ ಕಂಡಿರಬೇಕು. ನಾನು ಬಸ್ಸಿಳಿದಾಗ ಅವರು ಒಬ್ಬೊಬ್ಬರೇ ಜೋಳದ ಬುಟ್ಟಿ ಹೊತ್ತು ಬಂದು ಗಿರಣಿಯ ಮುಂದೆ ಇಳಿಸುತ್ತಿದ್ದರು. ಮುಂದೆ ಇದ್ದವಳು ಸುಮಿತ್ರವ್ವ, ಮಗನ ಜ್ವರ ಬಿಡಿಸಿದ್ದು ಯಾರು ಎಂದು ನಿನ್ನನ್ನು ಕೇಳಿದವಳು. ಕಮಿಟಿಯವರು ಹಾರೆ ಹಿಡಿದು ಬಂದಾಗ ಬುಟ್ಟಿಯ ಪಕ್ಕ ನೆಲಕ್ಕೆ ಕೂತಳು.

“ಇಪ್ಪತ್ತ ದಿನಾ ಆತು, ಹಿಟ್ಟಿಗೆ ಬಸ್ ಹತ್ತಿ ಹೋಗಾಕತ್ತೀವಿ. ಬೀಸಿಕೊಂಡ ಹೋಗತೀವಿ. ನಮ್ಮ ರೊಟ್ಟಿ ಬಂದ್ ಮಾಡಂತ ಯಾವ ತಾಯಿನೂ ಹೇಳೂದಿಲ್ಲ.”

ಒಬ್ಬಳು ಕೂತ ಮೇಲೆ ಎಲ್ಲರೂ ಕೂತರು. ಆ ಸಾಲಿನಲ್ಲಿ ಸಿದ್ದಲಿಂಗೇಶನ ಮನೆಯ ಬುಟ್ಟಿಯೂ ಇತ್ತು. ಅವನ ಹೆಂಡತಿ ಸೆರಗು ಮುಖದ ಮೇಲೆಳೆದುಕೊಂಡು ಬುಟ್ಟಿಯನ್ನು ಬಿಡದೆ ಹಿಡಿದಿದ್ದಳು. ಅದನ್ನು ಅವನು ಕಂಡಾಗ ನಾನು ಅವನನ್ನೇ ನೋಡುತ್ತಿದ್ದೆ. ಆ ಮೇಲೆ ಅವನು ಗಿರಣಿಯ ಕಡೆ ನೋಡಲಿಲ್ಲ.

ಹುಲಿಗೇಶ ಬೇವಿನ ಸೊಪ್ಪು ಹಿಡಿದು ತೂರಾಡುತ್ತ ಬಂದದ್ದು, ಹೆಂಗಸರು ಏಳದಿದ್ದದ್ದು, ಅವನು ನಿಂತಲ್ಲೇ ಕುಸಿದದ್ದು ನೀನೂ ಕಂಡಿದ್ದೀ. ನಾಡಿ ಹಿಡಿದೆ. ಮೂರು ದಿನದ ಉಪವಾಸವಂತೆ. ಬೆಲ್ಲದ ನೀರು ಕುಡಿಸಿದೆ. ಅವನೊಳಗೆ ತಾಯಿ ಇದ್ದಳೋ ಇಲ್ಲವೋ ನಾನು ಹೇಳಲಾರೆ, ಮೈಯಲ್ಲಿ ಸಕ್ಕರೆ ಮಾತ್ರ ಇರಲಿಲ್ಲ. ಕಣ್ಣು ಬಿಟ್ಟು, ನನಗಷ್ಟೇ ಕೇಳುವ ಹಾಗೆ ಅಂದ: “ನನಗ ಏನೂ ಬರಲಿಲ್ರಿ ಅಕ್ಕಾರ. ಕಾಕಾ ಹೇಳಿದ್ದ ಹೇಳಿದೆ. ಬರತೈತೇನೋ ಅಂತ ಕಾದೆ.” ಇದನ್ನು ಯಾರಿಗೂ ಹೇಳಬೇಡ. ಆ ಹುಡುಗ ಇನ್ನೂ ಊರಲ್ಲಿ ಬಾಳಬೇಕಾಗಿದೆ.

ಬೀಗದ ಕೈಯನ್ನು ಸಿದ್ದಲಿಂಗೇಶ ಹೆಂಡತಿಯ ಬುಟ್ಟಿಯೊಳಗೆ ಎಸೆದು ಹೋದ. ಬೀಸುವ ಸದ್ದು ಶುರುವಾದ ಮೇಲೆ ನಾವಿಬ್ಬರೂ ಕೂಗಾಡಿದ್ದು ಯಾರಿಗೂ ಕೇಳಿಲ್ಲ, ಅದೊಂದು ಪುಣ್ಯ.

ಕೂಗಿ ಹೇಳಿದ್ದನ್ನು ಈಗ ಸಾವಕಾಶವಾಗಿ ಬರೆಯುತ್ತೇನೆ. ಒಳಗೆ ನೋಡಿದೆ, ಅಲ್ಲಿ ನಾನೊಬ್ಬಳೇ ಇದ್ದೆ ಎನ್ನುತ್ತೀ. ನಾನು ಒಪ್ಪುವುದಿಲ್ಲ. ನೀನು ನಿನ್ನ ಒಳಗನ್ನು ನೋಡಿದ್ದೀ, ಆ ದಿನ ನಿನ್ನ ಮುಖ ನೋಡಿದವಳು ನಾನು. ಅಪ್ಪ ಕೆಮ್ಮಿದರೆ ನಿನ್ನ ಕೈಯಿಂದ ತಂಬಿಗೆ ಬೀಳುತ್ತಿತ್ತು. ಅಂಥವಳು ಐದು ಮಂದಿ ಹಿರಿಯರ ನಡುವೆ ತುರುಬು ಬಿಚ್ಚಿ ಎದ್ದು ನಿಂತೆ. ಆ ಧೈರ್ಯ ಎಲ್ಲಿಂದ ಬಂತು? ನೀನು ಅದಕ್ಕೆ ನಾನು ಎಂದು ಹೆಸರಿಟ್ಟುಕೊ, ನಾನು ಹೊಳೆಯವ್ವ ಎನ್ನುತ್ತೇನೆ. ಮಾತು ಹಿಂದಿನ ರಾತ್ರಿಯೇ ಜೋಡಿಸಿದ್ದೆ ಎಂದರೂ ನನಗೆ ಅಷ್ಟೇ. ಆಕೆ ರಾತ್ರಿ ಬರಬಾರದೆಂದು ಎಲ್ಲಿದೆ? ರಕ್ತ ನಿಲ್ಲದಾಗ ಇನ್ನೂ ಆಕೆಯನ್ನೇ ಕರೆಯುತ್ತೇನೆ. ನಿನ್ನ ಬಾಯಿ ನಿನ್ನದಾದರೆ ನನ್ನ ದೇವರು ನನ್ನವಳು, ಆಕೆಯನ್ನು ಇಲ್ಲವೆನ್ನಲು ನಿನಗೂ ಹಕ್ಕಿಲ್ಲ.

ಅಪ್ಪನ ವಿಷಯ ನಾನು ಇನ್ನೂ ಮರೆತಿಲ್ಲ. ಮರೆಯಲು ಹೊತ್ತು ಬೇಕು.

ಕಾಂಚನಾ


ಹೊಳೆಕಟ್ಟಿ
18-1-2023

ಕಾಂಚನಾ,

ಎರಡು ತಿಂಗಳ ಮೇಲಾಯಿತು. ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಮೂರು ಸಲ ನಿನ್ನನ್ನು ಸೋಲಿಸುವ ಹಾಗೆ ಬರೆದು ಹರಿದೆ.

ಊರಿನ ಮಾತು ಮೊದಲು. ದನಗಳಿಗೆ ಲಸಿಕೆ ಹಾಕಿಹೋದರು, ಡಿಸೆಂಬರಿನ ಮೇಲೆ ಒಂದೂ ಸತ್ತಿಲ್ಲ. ಗಿರಣಿ ನಡೆದಿದೆ. ಸಿದ್ದಲಿಂಗೇಶ ಸೋತು ಕೂತಿಲ್ಲ, ಆ ಜಾಗ ಗುಡಿಗೆ ಸೇರಿದ್ದು ಎಂದು ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದಾನೆ. ಕೊಡಲಿ. ಕಾಗದದಲ್ಲಿ ಬರೆದರೆ ಕೆಳಗೆ ಅವನ ಸಹಿ ಇರುತ್ತದೆ, ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡಬಹುದು. ದುರಗವ್ವನ ಜಾಗದ ಹಳೆಯ ಪಟ್ಟಾ ಕಾಗದ ಹುಡುಕಿ ತೆಗೆದಿದ್ದೇವೆ. ಗುಡಿಯ ಒಳಗೆ ನಾನು ಬರಕೂಡದೆಂದು ಕಮಿಟಿ ಠರಾವು ಮಾಡಿದೆ. ಹೊರಗಿನಿಂದಲೇ ಕೈಮುಗಿಯುತ್ತೇನೆ. ಕೈ ಏಕೆ ಮುಗಿಯುತ್ತೀ ಎಂದು ನೀನು ಕೇಳಬಹುದು. ಗೊತ್ತಿಲ್ಲ. ಮೊದಲ ಸಲ ಬಂದವಳು ಇನ್ನೂ ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ.

ನಿನ್ನ ಮಾವ ಹದಿನೆಂಟು ದಿನ ತಮ್ಮನ ಮನೆಯಲ್ಲಿ ಉಂಡರು. ಹತ್ತೊಂಬತ್ತನೆಯ ದಿನ ಬಂದು ತಾಟಿನ ಮುಂದೆ ಕೂತು, “ಅಲ್ಲಿ ಪಲ್ಲೇಕ ಉಪ್ಪ ಹಾಕೂದಿಲ್ಲ” ಎಂದರು.

ನಸುಕಿನಲ್ಲಿ ದಂಡೆಯ ಮೇಲೆ ಈಗಲೂ ಕೂರುತ್ತೇನೆ. ಕಣ್ಣು ಮುಚ್ಚಿದರೆ ಒಂದು ದಿನ ಸಿಟ್ಟು ಕಾಣುತ್ತದೆ, ಒಂದು ದಿನ ಅಪ್ಪ ಕಾಣುತ್ತಾನೆ, ಒಂದು ದಿನ ಮಣ್ಣು ಮಾಡಿದ ಕೂಸು. ಸ್ವಾಮಿಗಳು ಹೇಳಿದ ದೇವರು ಇನ್ನೂ ಕಂಡಿಲ್ಲ. ಆದರೆ ಇದು ಸರಿಯಲ್ಲ ಎನ್ನುವ ಒಂದು ದನಿ ಅಲ್ಲಿದೆ. ಬಹಳ ಗಟ್ಟಿಯಾದದ್ದು. ಅದಕ್ಕೆ ನೀನು ಇಟ್ಟ ಹೆಸರು ನಿನಗಿರಲಿ, ನಾನು ಹೆಸರಿಡದೆ ಬಿಟ್ಟಿದ್ದೇನೆ. ಇನ್ನೊಬ್ಬರ ಹೆಸರಿನಲ್ಲಿ ಮಾತ್ರ ಅದನ್ನು ಆಡುವುದಿಲ್ಲ.

ಹೋದ ವಾರ ಹೊಳೆಯಾಚೆಯಿಂದ ಒಬ್ಬ ಹೆಂಗಸು ತೆಂಗಿನಕಾಯಿ, ಕುಪ್ಪಸದ ಬಟ್ಟೆ ಹಿಡಿದುಕೊಂಡು ಬಂದಳು. ಇಲ್ಲಿ ನಡೆದದ್ದು ಆಕೆಗೆ ತಿಳಿದಿರಲಿಲ್ಲ. ತಾಯಿ ಈಗ ಬರುವುದಿಲ್ಲ, ತಗೊಂಡು ಹೋಗವಾ ಎಂದೆ. ಆಕೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಹೇಳುತ್ತ ಹೋದಳು. ಮಗಳು ಮಹಾದೇವಿಯನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದಾರೆ. ಗಂಡ ಬಡಿಯುತ್ತಾನೆ. ಈ ಸಲ ತವರಿಗೆ ಬಂದಾಗಿನಿಂದ ಬಲಗೈ ಮೇಲೆತ್ತಲು ಆಗುತ್ತಿಲ್ಲ. ಈ ಬರುವ 22ರ ಭಾನುವಾರ ಕರೆದೊಯ್ಯಲು ಬರುತ್ತಾರೆ, ಕಳಿಸಲೇಬೇಕು ಎಂದು ಮನೆಯ ಗಂಡಸರು ಹಟ ಹಿಡಿದಿದ್ದಾರೆ.

“ಕಳಸಬ್ಯಾಡ. ಮೊದಲ ದವಾಖಾನಿಗೆ ತೋರಸು” ಎಂದೆ.

“ಯಾರು ಹೇಳಿದರಂತ ಹೇಳಲಿ?”

“ಹೊಳಿಕಟ್ಟಿ ಶಂಕ್ರೆವ್ವ ಹೇಳಿದಳು ಅಂತ ಹೇಳು.”

“ಅಷ್ಟ ಹೇಳಿದರ ಅವರು ಕೇಳತಾರೇನವಾ?”

“ಕೇಳಲಿಲ್ಲಂದರ ನನ್ನ ಕರಿ. ನಾ ಬರತೀನಿ.”

ನಿನ್ನೆ ನಿನ್ನ ಮಾವನ ಫೋನಿಗೆ ಕರೆ ಬಂತು. ಆಕೆಯ ಮನೆಯ ಗಂಡಸರು ನನ್ನ ಮಾತು ಕೇಳಿಲ್ಲವಂತೆ. ಗುಡಿಕಟ್ಟೆಗೆಲ್ಲ ಕೇಳಿಸಿತು, ಕೇಳಿಸಲಿ.

ಭಾನುವಾರ ಬೆಳಿಗ್ಗೆ ಹೋಗುತ್ತಿದ್ದೇನೆ. ಆ ಹುಡುಗಿಯ ಕೈಯನ್ನು ಬಲ್ಲವರು ಯಾರಾದರೂ ನೋಡಬೇಕು, ನಾಲ್ಕು ಮಂದಿಯ ಮುಂದೆ ಇದು ಬಡಿದು ಆದ ಪೆಟ್ಟು ಎಂದು ಹೇಳಬೇಕು. ನೀನು ಬರುವುದಾದರೆ ಎಂಟು ಗಂಟೆಗೆ ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲು. ನಿನ್ನ ದೇವರನ್ನೂ ಕರೆದುಕೊಂಡು ಬಾ, ನಾನು ಬೇಡ ಅನ್ನುವುದಿಲ್ಲ. ಅಲ್ಲಿ ಮಾತಾಡುವುದು ಮಾತ್ರ ನಾವಿಬ್ಬರೇ.

ನಿನ್ನ ಅಕ್ಕ
ಶಂಕ್ರೆವ್ವ